ಕಾಲೇಜು ಆವರಣದ ಸುರಕ್ಷತೆ ಮತ್ತು ಅಪರಾಧ ದಾಖಲಾತಿ (ಕಲಬುರಗಿ ಪ್ರದೇಶ)

ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ರ‍್ಯಾಗಿಂಗ್, ಲೈಂಗಿಕ ಕಿರುಕುಳ, ಹಲ್ಲೆಗಳನ್ನು ತಡೆಯುವ, ನಡೆದರೆ ಮುಚ್ಚಿಡದೆ ದಾಖಲಿಸುವ ಹೊಣೆ ಆಡಳಿತದ್ದು. ಈ ಹೊಣೆಗೆ ಕಾನೂನಿನ ಬಲ ಹಂತಹಂತವಾಗಿ ಬಂದಿದೆ.

ಈ ಭಾಗದಲ್ಲಿ ಆ ಹೊಣೆ ಹೊತ್ತ ಸಂಸ್ಥೆಗಳಲ್ಲೊಂದು ಗುಲಬರ್ಗಾ ವಿಶ್ವವಿದ್ಯಾಲಯ. ಅದು 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾಗಿ 1980ರಲ್ಲಿ ಸ್ವತಂತ್ರವಾಯಿತು. ಅದರ ಜ್ಞಾನಗಂಗಾ ಆವರಣ ಕಲಬುರಗಿಯ ಸೇಡಂ ರಸ್ತೆಯಲ್ಲಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ವಿಶ್ವವಿದ್ಯಾಲಯದ ವ್ಯಾಪ್ತಿಯ ಊರುಗಳು.

ಕಾನೂನಿನ ಹಂತಗಳಿಗೆ ಬಂದರೆ, 1983ರ ಕರ್ನಾಟಕ ಶಿಕ್ಷಣ ಕಾಯ್ದೆ ರ‍್ಯಾಗಿಂಗನ್ನು ಶಿಕ್ಷಾರ್ಹ ಅಪರಾಧವೆಂದು ಹೇಳಿತು. ಕಾಯ್ದೆ ಜಾರಿಗೆ ಬಂದದ್ದು 1995ರಲ್ಲಿ. ಸುಪ್ರೀಂ ಕೋರ್ಟ್ 1997ರ ವಿಶಾಖಾ ತೀರ್ಪಿನಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಸಮಿತಿ ಇರಲೇಬೇಕೆಂದಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2009ರ ನಿಯಮಾವಳಿ ಇನ್ನೂ ಮುಂದೆ ಹೋಯಿತು: ರ‍್ಯಾಗಿಂಗ್ ಸುದ್ದಿ ತಿಳಿದು, ಅದು ದಂಡನೀಯ ಅಪರಾಧವೆಂದು ಕಂಡರೆ 24 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರು ತಾವೇ ಅಥವಾ ತಾವು ಅಧಿಕಾರ ಕೊಟ್ಟ ಸಮಿತಿ ಸದಸ್ಯರ ಮೂಲಕ ಎಫ್‌ಐಆರ್ ದಾಖಲಿಸಬೇಕು. ಲೈಂಗಿಕ ಕಿರುಕುಳ ಕುರಿತ ಯುಜಿಸಿಯ 2015ರ ನಿಯಮಾವಳಿ ಆಂತರಿಕ ದೂರು ಸಮಿತಿಯನ್ನು ಕಡ್ಡಾಯಗೊಳಿಸಿ, ಬಂದ ದೂರುಗಳ ಲೆಕ್ಕವನ್ನು ವರ್ಷವರ್ಷವೂ ಕೇಳಿತು. ಇಂಥ ಲೆಕ್ಕ ಕೇಳುವ ನಿಯಮ ಅಮೆರಿಕದಲ್ಲಿ ಮೊದಲೇ ಬಂದಿತ್ತು: ಅಲ್ಲಿ 1986ರಲ್ಲಿ ವಿದ್ಯಾರ್ಥಿನಿ ಜೀನ್ ಕ್ಲೆರಿ ಹಾಸ್ಟೆಲ್ ಕೋಣೆಯಲ್ಲೇ ಕೊಲೆಯಾದ ಬಳಿಕ, 1990ರ ಕಾಯ್ದೆ ಅಪರಾಧದ ಅಂಕಿಅಂಶ ಪ್ರಕಟಿಸುವುದನ್ನು ಕಡ್ಡಾಯ ಮಾಡಿತ್ತು.

ನಿಯಮಕ್ಕೂ ನಡೆಗೂ ಇರುವ ದೂರ 2016ರಲ್ಲಿ ಕಲಬುರಗಿಯಲ್ಲೇ ಬಯಲಾಯಿತು. ಇಲ್ಲಿನ ನರ್ಸಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಕೇರಳದ ದಲಿತ ವಿದ್ಯಾರ್ಥಿನಿಗೆ ಹಿರಿಯ ವಿದ್ಯಾರ್ಥಿನಿಯರು ಶೌಚಾಲಯ ತೊಳೆಯುವ ದ್ರಾವಣ ಮೇ ತಿಂಗಳಲ್ಲಿ ಕುಡಿಸಿದರೆಂಬುದು ಆರೋಪ. ಪ್ರಕರಣ ದಾಖಲಾದದ್ದು ಜೂನ್‌ನಲ್ಲಿ, ಅದೂ ದೂರದ ಕೇರಳದ ಕೋಯಿಕ್ಕೋಡಿನಲ್ಲಿ. ಅಲ್ಲಿಂದ ಕಲಬುರಗಿಗೆ ವರ್ಗವಾಯಿತು. 24 ಗಂಟೆಯ ನಿಯಮಕ್ಕೆ ಆಗ ಏಳು ವರ್ಷ ತುಂಬಿತ್ತು.

ಈ ಭಾಗದ ಮಕ್ಕಳಿಗೆ ಸುರಕ್ಷತೆ ಗೇಟಿನ ಒಳಗಿನ ಮಾತಷ್ಟೇ ಅಲ್ಲ. ಸೇಡಂ, ಚಿತ್ತಾಪುರದಿಂದ ಕಲಬುರಗಿಗೆ ಹೋಗುವ ರೈಲು ವಾಡಿ, ಶಹಾಬಾದ್ ದಾಟಬೇಕು. ರೈಲಿಲ್ಲದ ಚಿಂಚೋಳಿಯವರಿಗೆ ಬಸ್ಸೇ ಗತಿ. 2015ರ ನಿಯಮಾವಳಿ ಕಾಲೇಜು ಒದಗಿಸಿದ ವಾಹನವನ್ನು ಆವರಣವೆಂದೇ ಎಣಿಸುತ್ತದೆ. ಸಾರ್ವಜನಿಕ ಬಸ್ಸು, ರೈಲಿನಲ್ಲಿ ಕಿರುಕುಳವಾದರೆ ವಿದ್ಯಾರ್ಥಿನಿ ಪೊಲೀಸರ ಬಳಿಗೇ ಹೋಗಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ವಾರಂಟ್ ಇಲ್ಲದೆ ಬಂಧಿಸಬಹುದಾದ (ಸಂಜ್ಞೇಯ) ಅಪರಾಧ ಎಲ್ಲೇ ನಡೆದಿರಲಿ, ಠಾಣೆ ದೂರು ಸ್ವೀಕರಿಸಲೇಬೇಕು. ಸರಹದ್ದಿನ ನೆಪ ಹೇಳಿ ಹಿಂದಕ್ಕೆ ಕಳಿಸುವಂತಿಲ್ಲ.

ಕಾಲೇಜಿನ ವಾರ್ಷಿಕ ವರದಿಯಲ್ಲಿ ದೂರುಗಳ ಸಂಖ್ಯೆ ಸೊನ್ನೆ ಎಂದಿದ್ದರೆ ಅದೊಂದೇ ಸುರಕ್ಷತೆಗೆ ಸಾಕ್ಷಿಯಾಗದು. ಸಮಿತಿಯ ಸದಸ್ಯರು ಯಾರು, ದೂರು ಯಾರಿಗೆ ಕೊಡಬೇಕು ಎಂಬುದು ಮೊದಲ ವರ್ಷದ ವಿದ್ಯಾರ್ಥಿನಿಗೂ ಗೊತ್ತಿದ್ದರೆ ಮಾತ್ರ ಆ ಸೊನ್ನೆಯನ್ನು ನಂಬಬಹುದು.