ಯಲಬುರ್ಗಾ ಸೀಮೆಯ ಅಂಜಿಕೆಗೆ ಮದ್ದು ಬಂದ ದಾರಿ

ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಗಳು ಇದ್ದಕ್ಕಿದ್ದಂತೆ ಕುಸಿದು ಕೂರುತ್ತಾಳೆ. "ಎದಿ ಧಸಕ್ಕಂತು, ಕೈಕಾಲು ತಣ್ಣಗಾದುವು, ಉಸಿರು ಒಳಗ ಹೋಗವಲ್ದು, ಇನ್ನ ನಾ ಉಳಿಯಾಂಗಿಲ್ರೀ ಅಕ್ಕಾರ." ಆರೋಗ್ಯ ಸಹಾಯಕಿಯಾಗಿ ಯಲಬುರ್ಗಾ ತಾಲೂಕಿನ ಹಳ್ಳಿಗಳನ್ನು ತಿರುಗಿದ ನಾನು ಈ ಮಾತನ್ನು ಜೋಳದ ಕಣದಲ್ಲೂ ಕೇಳಿದ್ದೇನೆ, ಬಾಣಂತಿಯ ಕೋಣೆಯಲ್ಲೂ ಕೇಳಿದ್ದೇನೆ. ಊರಿನವರು ಇದಕ್ಕೆ 'ಅಂಜಿಕಿ ಹೊಡದೈತಿ' ಎನ್ನುತ್ತಾರೆ, ವೈದ್ಯರು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಇದರ ಆರೈಕೆ ನಮ್ಮ ಕಡೆಗೆ ಬಹಳ ತಡವಾಗಿ ಬಂತು. ಆ ತಡದ ವರ್ಷಗಳಲ್ಲಿ ಬೇನೆಗಿಂತ ಬೇನೆಯ ಹೆದರಿಕೆಯೇ ಹೆಚ್ಚು ಜನರನ್ನು ಮನೆಯೊಳಗೆ ಕಟ್ಟಿಹಾಕಿತು.

ಧಾರವಾಡದಲ್ಲಿ ಬ್ರಿಟಿಷರು ಮಾನಸಿಕ ರೋಗಿಗಳಿಗೆಂದು ಆಸ್ಪತ್ರೆ ತೆರೆದದ್ದು 1845ರಲ್ಲಿ. ಇಂದಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಮೂಲ ಅದೇ. ಆದರೆ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು, ಯಲಬುರ್ಗಾ ನಿಜಾಮರ ಸೀಮೆಯೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಗಡಿ ದಾಟಿ ಹೋದರೂ ಆ ಕಾಲದ ಅಂಥ ಆಸ್ಪತ್ರೆಗಳು ಇದ್ದದ್ದು ರೋಗಿಗಳನ್ನು ಗೋಡೆಯೊಳಗೆ ಕೂಡಿಹಾಕಲು. ಎದೆ ಹೊಡೆದುಕೊಂಡು ಹೆದರುವ, ಉಳಿದಂತೆ ಮನೆಗೆಲಸವನ್ನೆಲ್ಲ ಮಾಡಿಕೊಂಡಿರುವ ಸೊಸೆಗೆ ಅಲ್ಲಿ ಜಾಗವಿರಲಿಲ್ಲ.

ಹಾಗಾಗಿ ಜನ ತಮಗೆ ಗೊತ್ತಿದ್ದ ಬಾಗಿಲುಗಳನ್ನು ತಟ್ಟಿದರು. ಹುಣ್ಣಿಮೆಗೆ ಹುಲಿಗಿಗೆ ಹೋಗಿ ಹುಲಿಗೆಮ್ಮನಿಗೆ ಕಾಯಿ ಒಡೆಸಿದರು, ದರ್ಗಾದಲ್ಲಿ ತಾಯತ ಕಟ್ಟಿಸಿದರು, ಹಣೆಗೆ ಬೂದಿ ಹಚ್ಚಿದರು. ಇದರಲ್ಲಿ ಒಂದು ದೊಡ್ಡ ಒಳ್ಳೆಯದಿತ್ತು. ಹೆದರಿದವರನ್ನು ಯಾರೂ ಒಂಟಿಯಾಗಿ ಬಿಡುತ್ತಿರಲಿಲ್ಲ. ಕೆಟ್ಟದ್ದೂ ಇತ್ತು. 'ಹುಣಸಿಮರದ ಕೆಳಗ ಗಾಳಿ ಸೋಕೈತಿ' ಎಂದು ಒಮ್ಮೆ ಹೇಳಿದರೆ ಆಕೆ ಆ ಹಾದಿ ಬಿಡುತ್ತಿದ್ದಳು. ಆಮೇಲೆ ಬಾವಿ, ಆಮೇಲೆ ಸಂತೆ, ಕೊನೆಗೆ ಹೊಸ್ತಿಲು.

ಈ ಸೀಮೆಗೆ ಕಾರಣವಿದ್ದ ಅಂಜಿಕೆಯೂ ಚೆನ್ನಾಗಿ ಗೊತ್ತು. 1947-48ರಲ್ಲಿ ನಿಜಾಮರ ಪರವಾಗಿದ್ದ ರಜಾಕಾರರ ಹಾವಳಿಗೆ ಬೆದರಿ ಊರಿಗೆ ಊರೇ ಗಡಿಯಾಚೆ ಗಜೇಂದ್ರಗಡ, ಮುಂಡರಗಿಯ ಕಡೆಗೆ ಓಡಿತು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ಹೋರಾಟದ ಶಿಬಿರ ಕಟ್ಟಿದರು. ಕೂಸನ್ನು ಬಗಲಲ್ಲಿ ಇಟ್ಟುಕೊಂಡು ರಾತ್ರೋರಾತ್ರಿ ನಡೆದವರಿಗೆ ಆ ಬಲ ಕೊಟ್ಟದ್ದು ದೇಹದ ಒಂದು ಏರ್ಪಾಡು. ಅಪಾಯ ಕಂಡೊಡನೆ ಅಡ್ರಿನಲಿನ್ ಹರಿಯುತ್ತದೆ, ಎದೆಬಡಿತ ಏರುತ್ತದೆ, ರಕ್ತ ಕಾಲುಗಳ ಸ್ನಾಯುಗಳಿಗೆ ನುಗ್ಗುತ್ತದೆ, ಉಸಿರು ಬಿರುಸಾಗುತ್ತದೆ. ಪ್ಯಾನಿಕ್ ಅಟ್ಯಾಕ್‌ನಲ್ಲಿ ಕೆಲಸ ಮಾಡುವುದೂ ಅದೇ ಏರ್ಪಾಡು. ಬೆನ್ನಟ್ಟಿ ಬರುವವರು ಮಾತ್ರ ಯಾರೂ ಇರುವುದಿಲ್ಲ. ಬಿರುಸಿನ ಉಸಿರಿನಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತುಟಿ, ಬೆರಳು ಜುಮುಗುಡುತ್ತವೆ, ತಲೆ ತಿರುಗುತ್ತದೆ. ಸಾವೇ ಬಂತೆಂದು ಬಗೆದ ಮನಸ್ಸು ಇನ್ನಷ್ಟು ಹೆದರುತ್ತದೆ. ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ಈ ಅಟ್ಯಾಕ್ ತಾನಾಗಿ ಇಳಿಯುತ್ತದೆ. ಇಳಿಯದೆ ಉಳಿಯುವುದು 'ಮತ್ತ ಬಂದೀತು' ಎನ್ನುವ ಅಂಜಿಕೆ.

ವೈದ್ಯಲೋಕ ಇದನ್ನು ಅರಿಯಲೂ ಹೊತ್ತು ಹಿಡಿಯಿತು. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇಂಥದೇ ಎದೆಬಡಿತ, ಉಬ್ಬಸ ಕಂಡ ವೈದ್ಯ ಜೇಕಬ್ ಡ ಕೋಸ್ಟ 1871ರಲ್ಲಿ ಅದನ್ನು ಹೃದಯದ ತೊಂದರೆ ಎಂದೇ ಬರೆದ. ಪ್ಯಾನಿಕ್ ಎಂಬ ಬೇರೆ ಕಾಯಿಲೆಯಾಗಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದು ಸೇರಿದ್ದು 1980ರಲ್ಲಿ. ಇತ್ತ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1985ರ ಸುಮಾರಿಗೆ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ದೊಡ್ಡ ಕೆಲಸವೊಂದನ್ನು ಕೈಗೆತ್ತಿಕೊಂಡರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ನನ್ನಂಥ ಕೆಲಸದವರಿಗೆ ಮನಸ್ಸಿನ ಕಾಯಿಲೆಗಳನ್ನು ಗುರುತಿಸಲು ಕಲಿಸಿ, ಬೇಕಾದ ಕೆಲವು ಮಾತ್ರೆಗಳನ್ನು ಊರಲ್ಲೇ ಸಿಗುವಂತೆ ಮಾಡಿದರು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ತುಂಗಭದ್ರೆಯ ದಂಡೆಯ ಬಿಸಿಲುನಾಡು ದೇಶಕ್ಕೆ ದಾರಿ ತೋರಿಸಿತೆಂಬ ಅಭಿಮಾನ ನನಗೆ ಇಂದಿಗೂ ಇದೆ.

2014ರಲ್ಲಿ ರಾಜ್ಯದ ಮನೋಚೈತನ್ಯ ಯೋಜನೆ ಬಂತು, ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಬರತೊಡಗಿದರು. ಮಂಗಳವಾರ ಅಮ್ಮನ ವಾರವೂ ಹೌದು. "ಅಮ್ಮನ ವಾರ ಬಿಟ್ಟು ದವಾಖಾನಿಗೆ ಹೆಂಗ ಬರಲಿ" ಎಂದ ಅತ್ತೆಗೆ ನಾನು ಹೇಳಿದ್ದು ಇಷ್ಟೇ: "ಶುಕ್ರವಾರ ಹುಲಿಗಿಗೆ ಹೋಗ್ರಿ, ಮಂಗಳವಾರ ಸೊಸಿನ್ನ ಕರಕೊಂಡು ಇಲ್ಲಿಗೆ ಬರ್ರಿ. ಅಮ್ಮ ಸಿಟ್ಟಾಗಂಗಿಲ್ಲ." ಆ ಸೊಸೆ ಕುಕನೂರು ಸಂತೆ ಬಿಟ್ಟು ಬಹಳ ದಿನವಾಗಿತ್ತು. ಇಸಿಜಿ ಸರಿಯಿದೆ ಎಂದು ತಿಳಿದ ಮೇಲೆ ಮನೆಯವರು 'ಏನೂ ಇಲ್ಲಂತ, ನಾಟಕ ಮಾಡ್ತಾಳ' ಎಂದಿದ್ದರು. ಅಂಜಿಕೆಗಿಂತ ಆ ಮಾತು ಆಕೆಯನ್ನು ಹೆಚ್ಚು ಸುಟ್ಟಿತ್ತು. ವೈದ್ಯರು ಮಾತ್ರೆ ಬರೆದರು, ವಾರಗಟ್ಟಲೆ ಬಿಡದೆ ನುಂಗಬೇಕೆಂದರು, ಬಿಟ್ಟ ಹಾದಿಗಳನ್ನು ಒಂದೊಂದಾಗಿ ಮತ್ತೆ ತುಳಿಯಲು ಹೇಳಿದರು. ಮೊದಲು ಅತ್ತೆಯ ಜೊತೆ ಬಾವಿಯವರೆಗೆ, ಆಮೇಲೆ ಬಸ್ ನಿಲ್ದಾಣ, ಆಮೇಲೆ ಒಬ್ಬಳೇ. ನಡುದಾರಿಯಲ್ಲಿ ಎದೆ ಹೊಡೆದುಕೊಂಡರೂ ಓಡಿ ಬರದೆ ಅದು ಇಳಿಯುವವರೆಗೆ ಅಲ್ಲೇ ನಿಲ್ಲಬೇಕು. ಈಗ ಆಕೆ ಸಂತೆ ಮಾಡಿಕೊಂಡು ಬರುತ್ತಾಳೆ.

2025ರ ಮೇ ತಿಂಗಳಿಂದ ಯಲಬುರ್ಗಾ ಮೇಲಿಂದ ಹುಬ್ಬಳ್ಳಿಗೆ ರೈಲು ಓಡುತ್ತಿದೆ, ಧಾರವಾಡ ಹತ್ತಿರವಾಗಿದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನು ಮನೆಯವರ ಪಾಲಿನ ಕೆಲಸವಿದೆ. ಮೊದಲ ಸಲ ಎದೆನೋವು ಬಂದಾಗ ತಡಮಾಡದೆ ಹೃದಯ ಪರೀಕ್ಷೆ ಮಾಡಿಸಿ. ಹೃದಯ ಗಟ್ಟಿಯಿದೆ ಎಂದು ಗೊತ್ತಾದ ಮೇಲೆ 'ಏನೂ ಇಲ್ಲ' ಎನ್ನಬೇಡಿ. "ಇದು ಇಳಿತೈತಿ, ನಾ ಇಲ್ಲೇ ಅದೀನಿ" ಎನ್ನಿ, ಬರುವ ಮಂಗಳವಾರ ಜೊತೆಗೂಡಿ ಆಸ್ಪತ್ರೆಗೆ ಬನ್ನಿ.