ಕಣದ ಮೇಲಿನ ಮೋಡ

ಸಂಸ್ಕೃತ ಕಾವ್ಯಗಳ ಶರದೃತುವಿನಲ್ಲಿ ಮಳೆ ಮುಗಿದು ಆಕಾಶ ತಿಳಿಯಾಗಿರುತ್ತದೆ, ಕೊಳದ ಬಗ್ಗಡ ತಳ ಸೇರಿರುತ್ತದೆ. ಕೋಲಾರ ಸೀಮೆಯ ಆಶ್ವೀಜ, ಕಾರ್ತಿಕ ಹಾಗಲ್ಲ. ಮುಂಗಾರು ತನ್ನ ನೀರನ್ನೆಲ್ಲ ಪಶ್ಚಿಮ ಘಟ್ಟದಲ್ಲೇ ಸುರಿದು ಬರುವುದರಿಂದ ಇಲ್ಲಿ ಮಳೆ ಜೋರಾಗುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ವರ್ಷವಿಡೀ ಹರಿಯುವ ನದಿ ಇಲ್ಲದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕೆರೆಗಳು ತುಂಬಬೇಕಾದರೆ ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಬರಲೇಬೇಕು. ಆದರೆ ಹೊಲದ ರಾಗಿ ಬಲಿತು ಕೊಯ್ಲಿಗೆ ಬರುವುದೂ ಆ ಮಳೆಗಳ ಬೆನ್ನಲ್ಲೇ. ಕೆರೆಗೆ ಬೇಕಾದ ಮೋಡ ಕಣಕ್ಕೆ ಬೇಡ. ಈ ಸೀಮೆಯ ಸಣ್ಣ ಒಕ್ಕಲು ಮನೆಯ ದಿನಚರಿಯನ್ನು ಈ ಇಕ್ಕಟ್ಟಿನಿಂದಲೇ ಓದಬೇಕು.

ಮನೆಯವರು ಕಂಡುಕೊಂಡ ಮೊದಲ ಉಪಾಯ ಅಕ್ಕಡಿ ಸಾಲು. ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ. 1800ರಲ್ಲಿ ಬೇತಮಂಗಲ, ಟೇಕಲ್ ದಾರಿಯಾಗಿ ಮೈಸೂರು ಸೀಮೆಗೆ ಬಂದ ಫ್ರಾನ್ಸಿಸ್ ಬುಕಾನನ್ ಇಂಥ ಮಿಶ್ರ ಬೆಳೆಯನ್ನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಎಲ್ಲ ಬೆಳೆಯೂ ಒಟ್ಟಿಗೆ ಮಾಗುವುದಿಲ್ಲ ಎಂಬುದೇ ಇದರ ಗುಟ್ಟು. ರಾಗಿ ಕೊಯ್ದ ಮೇಲೂ ಅವರೆ ನಿಂತಿರುತ್ತದೆ. ಮಾಗಿಯ ಇಬ್ಬನಿಗೆ ಅದರ ಸೊಗಡು ಏರುತ್ತದೆ. ರಾಗಿಯನ್ನು ಕೆಡಿಸಿದ ಮಳೆಯೇ ತಡವಾಗಿ ಬಿತ್ತಿದ ಹುರುಳಿಯನ್ನು ಉಳಿಸಬಹುದು.

ಎರಡನೆಯದು ಮೆದೆ. ಕುಡುಗೋಲಿನಲ್ಲಿ ಕೊಯ್ದ ಪೈರನ್ನು ಒಂದೆರಡು ದಿನ ಹೊಲದಲ್ಲೇ ಒಣಗಲು ಬಿಟ್ಟು, ಕಂತೆ ಕಟ್ಟಿ, ತೆನೆ ಒಳಗೂ ಬುಡ ಹೊರಗೂ ಇರುವಂತೆ ಒಟ್ಟುತ್ತಿದ್ದರು. ಮೇಲಿನಿಂದ ಬಿದ್ದ ನೀರು ಹುಲ್ಲಿನ ಮೇಲೆ ಜಾರಿ ಹೋಗುತ್ತಿತ್ತು. ಹೀಗೆ ಒಟ್ಟಿದ ರಾಗಿ ವಾರಗಟ್ಟಲೆ ಕಾಯಬಲ್ಲದು. ಬಾನು ತಿಳಿಯಾದ ಮೇಲೆ ಸಗಣಿ ಸಾರಿಸಿದ ಕಣದಲ್ಲಿ ತೆನೆ ಹರಡಿ, ಎತ್ತು ಕಟ್ಟಿ ಗುಂಡು ಹೊಡೆದು, ಗಾಳಿ ಬಂದಾಗ ತೂರಿದರೆ ಆಯಿತು. ಕಣ ಬಳಿಯುವುದು, ಕಸ ಕೇರಿ ಕಾಳು ಹಸನು ಮಾಡುವುದು ಹೆಂಗಸರ ಪಾಲಿನ ಕೆಲಸ.

ಮೂರನೆಯದು ಹಗೇವು. ನೆಲದೊಳಗಿನ ಗುಂಡಿಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯನ್ನು ಮಣ್ಣಿನಿಂದ ಮುಚ್ಚಿದರೆ ಕಾಳು ವರ್ಷಗಟ್ಟಲೆ ಕೆಡದು. ತೆಗೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು ನೋಡಬೇಕು. ಅದು ಆರಿದರೆ ಒಳಗಿನ ಗಾಳಿ ಜೀವ ತೆಗೆಯುತ್ತದೆ.

ಈ ಮೂರೂ ಒಂದು ಕೆಟ್ಟ ವರ್ಷವನ್ನು ದಾಟಿಸಬಲ್ಲವು, ಸಾಲು ಬರವನ್ನಲ್ಲ. 1876ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. ಜನ ಸಂವತ್ಸರದ ಹೆಸರಿಟ್ಟು ಕರೆದ ಧಾತು, ಈಶ್ವರ ವರ್ಷಗಳ ಆ ಕ್ಷಾಮದಲ್ಲಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಅಂಕಿಗಳು ಸತ್ತವರನ್ನೂ ಊರು ಬಿಟ್ಟವರನ್ನೂ ಎಣಿಸುತ್ತವೆ. ಯಾವ ಮನೆಯ ಹಗೇವು ಯಾವ ತಿಂಗಳು ಬರಿದಾಯಿತು ಎಂಬುದನ್ನು ಯಾವ ಗಣತಿಯೂ ಕೇಳಲಿಲ್ಲ.

ಮುಂದೆ ಹೊಲದ ರೂಪವೇ ಬದಲಾಯಿತು. 1980ರ ದಶಕದಲ್ಲಿ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು. ಶ್ರೀನಿವಾಸಪುರ ಮಾವಿಗೆ ಹೆಸರಾಯಿತು, ಕೋಲಾರದ ಮಾರುಕಟ್ಟೆ ಟೊಮೆಟೊಗೆ. ಕೊಳವೆ ಬಾವಿಗಳು ಸಾವಿರ ಅಡಿ ದಾಟಿದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಇಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಕೆರೆ ಈಗ ಸ್ವಾತಿ ಮಳೆಯೊಂದನ್ನೇ ನಂಬಿ ಕೂತಿಲ್ಲ.

ರಾಗಿ ಮಾತ್ರ ಅದೇ ಮೋಡದ ಕೆಳಗಿದೆ. 2021ರ ನವೆಂಬರ್‌ನಲ್ಲಿ ಸುರಿದ ಮಳೆಗೆ ಬಹುಕಾಲದಿಂದ ಒಣಗಿದ್ದ ಕೆರೆಗಳು ಕೋಡಿ ಹರಿದವು, ಜನ ನೋಡಲು ನೆರೆದರು. ಅದೇ ಮಳೆಗೆ ರಾಗಿ ನೆಲಕ್ಕೊರಗಿ ತೆನೆಯಲ್ಲೇ ಮೊಳಕೆಯೊಡೆಯಿತು. ಕೊಯ್ಯಲು ಆಳು ಸಿಗದೆ ಯಂತ್ರಕ್ಕೆ ಕಾಯುವ ಮನೆಯಲ್ಲಿ ಪೈರು ಒಣಗುವವರೆಗೂ ಹೊಲದಲ್ಲೇ ನಿಂತಿರಬೇಕು. ಯಂತ್ರ ಉಳಿಸುವುದು ದುಡಿಮೆಯ ಸಮಯವನ್ನು. ಮೆದೆ ಕೊಡುತ್ತಿದ್ದುದು ಕಾಯುವ ಸಮಯವನ್ನು. ಮೆದೆ ಒಟ್ಟಬಲ್ಲ ಕೈಗಳು ಊರಿನಲ್ಲಿ ಕಡಿಮೆಯಾದಂತೆ, ಕಾರ್ತಿಕದ ಮೋಡವನ್ನು ಕಾದು ಕಳಿಸುವ ಶಕ್ತಿಯೂ ಕಡಿಮೆಯಾಗಿದೆ.