ಎಣ್ಣೆಯ ಬೆಲೆಯೂ ಬಂಡಿಯ ಆಯ್ಕೆಯೂ

ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣೆದುರಿಗೆ ಅರಸರ ವಂಶಾವಳಿಯೂ ಯುದ್ಧಗಳ ಇಸವಿಗಳೂ ಬಂದು ನಿಲ್ಲುತ್ತವೆ. ಮನೆಯ ಮುಂದೆ ನಿಂತಿರುವ ಮೋಟಾರು ಗಾಡಿಗೂ ಒಂದು ಇತಿಹಾಸವುಂಟೆಂಬುದು ಅವರಿಗೆ ತೋರುವುದಿಲ್ಲ. ಕೆಲವು ಕಾಲದ ಹಿಂದೆ ನಮ್ಮ ನಾಲ್ಕನೆಯ ಇಯತ್ತೆಯ ಮಕ್ಕಳಿಗೆ, ಝುವಾರಿನಗರದ ಹೆದ್ದಾರಿಯಲ್ಲಿ ಅರ್ಧ ಗಂಟೆಯ ಅವಧಿಯಲ್ಲಿ ಹಾದುಹೋಗುವ ವಾಹನಗಳನ್ನು ಬಗೆಬಗೆಯಾಗಿ ಎಣಿಸಿ ಬರಲು ಹೇಳಿದ್ದೆವು. ಒಬ್ಬ ಹುಡುಗನು ಎಣಿಕೆಯೊಡನೆ ಪ್ರಶ್ನೆಯೊಂದನ್ನೂ ತಂದನು: "ಸರ್, ಬಾಡಿಗಿ ಕಾರಿಗೆಲ್ಲಾ ಡೀಸೆಲ್, ನಮ್ಮಪ್ಪನ ಗಾಡಿಗೆ ಪೆಟ್ರೋಲ್ ಯಾಕ್ರಿ?" ಇದಕ್ಕೆ ಒಂದು ವಾಕ್ಯದಲ್ಲಿ ಉತ್ತರ ಹೇಳಿ ಮುಗಿಸುವುದು ನಮ್ಮಿಂದಾಗಲಿಲ್ಲ. ಅಂದು ಹೇಳದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಇಂಧನವು ದುರ್ಲಭವಾದಾಗ ವಾಹನದ ರೂಪವೇ ಬದಲಾಗುವುದನ್ನು ನಮ್ಮ ಹಿರಿಯರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಂಡಿದ್ದರು. ಪೆಟ್ರೋಲು ಸೈನ್ಯಕ್ಕೆ ಮೀಸಲಾಗಿ, ಸಾರ್ವಜನಿಕರಿಗೆ ಅಳೆದು ಕೊಡುವ ಪದ್ಧತಿ ಜಾರಿಗೆ ಬಂದಿತು. ಆಗ ಕನ್ನಡ ನಾಡಿನ ರಸ್ತೆಗಳಲ್ಲಿ ಓಡಿದುವು ಇದ್ದಿಲ ಬಸ್ಸುಗಳು. ಬಸ್ಸಿನ ಹಿಂಬದಿಯಲ್ಲಿ ಹಂಡೆಯಂಥ ಕಬ್ಬಿಣದ ಒಲೆ, ಅದರೊಳಗೆ ಇದ್ದಿಲು. ಕ್ಲೀನರನು ಹಿಡಿಕೆ ತಿರುಗಿಸಿ ಗಾಳಿಯೂದಿ ಕೆಂಡವೆಬ್ಬಿಸಬೇಕು. ಗಾಳಿ ಸಾಲದೆ ಅರೆಬರೆಯಾಗಿ ಉರಿದ ಇದ್ದಿಲಿನಿಂದ ಹುಟ್ಟುವ ಅನಿಲವೇ ಎಂಜಿನಿಗೆ ಆಹಾರ. ಆದರೆ ಈ ಅನಿಲಕ್ಕೆ ಪೆಟ್ರೋಲಿನ ಕಸುವಿಲ್ಲ. ಏರು ಬಂದೊಡನೆ ಪ್ರಯಾಣಿಕರು ಇಳಿದು ಹಿಂದೆ ನಡೆಯುವರು, ಕೆಲವೊಮ್ಮೆ ನೂಕುವರು. ಟಿಕೀಟು ಕೊಂಡು ಬಸ್ಸು ನೂಕಿದ ಕಥೆಗಳನ್ನು ಅಜ್ಜಂದಿರ ಬಾಯಿಂದ ಕೇಳಿದವರು ನಮ್ಮ ವಾಚಕರಲ್ಲಿ ಹಲವರಿರಬಹುದು. ಯುದ್ಧ ಮುಗಿದು ಪೆಟ್ರೋಲು ಮರಳಿ ದೊರೆಯಿತು. ಒಲೆಗಳನ್ನು ಕಳಚಿ ಗುಜರಿಗೆ ಹಾಕಿದರು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರವು 120 ಬಸ್ಸುಗಳೊಡನೆ ತನ್ನದೇ ಸಾರಿಗೆಯನ್ನು ಆರಂಭಿಸುವ ವೇಳೆಗೆ ಆ ಯುಗವು ಅಸ್ತಮಿಸುತ್ತಲಿತ್ತು. ಕಷ್ಟದಲ್ಲಿ ಕಲಿತುದನ್ನು ಸುಖ ಬಂದೊಡನೆ ಜನರು ಕೈಬಿಡುವರೆಂಬುದು ಇಲ್ಲಿ ಮೊದಲ ಸಲ ಕಾಣುತ್ತದೆ. ಕೊನೆಯ ಸಲವಂತೂ ಅಲ್ಲ.

ಇದಾದ ಹತ್ತು ವರ್ಷಗಳೊಳಗೆ ಇಂಗ್ಲೆಂಡಿನಲ್ಲಿ ನಡೆದ ಸಂಗತಿಯೊಂದು ನಮ್ಮ ಬೀದಿಗಳ ಮೇಲೂ ಪರಿಣಾಮ ಮಾಡಿತು. 1956ರ ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸರರು ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು. ಅದನ್ನನುಸರಿಸಿ ಯುದ್ಧ ನಡೆದು ಕಾಲುವೆ ಮುಚ್ಚಿತು. ಎಣ್ಣೆಯ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿ ಬರಬೇಕಾಯಿತು. ಬ್ರಿಟನ್ನಿನಲ್ಲಿ ಆ ಡಿಸೆಂಬರಿನಿಂದ ಪೆಟ್ರೋಲನ್ನು ಮತ್ತೆ ಅಳೆದು ಕೊಡತೊಡಗಿದರು. ದೊಡ್ಡ ಕಾರುಗಳನ್ನು ಕೇಳುವವರು ಕಡಿಮೆಯಾಗಿ, ಮೂರು ಚಕ್ರದ ಗುಳ್ಳೆಯಂಥ ಕಾರುಗಳಿಗೆ ಬೇಡಿಕೆ ಹುಟ್ಟಿತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮುಖ್ಯಸ್ಥ ಲೆನರ್ಡ್ ಲಾರ್ಡ್ ಇದನ್ನು ಕಂಡು, ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರರಿಗೆ ನಿಜವಾದೊಂದು ಸಣ್ಣ ಕಾರನ್ನು ರಚಿಸಲು ಹೇಳಿದರು. 1959ರ ಆಗಸ್ಟಿನಲ್ಲಿ ಹೊರಬಂದ ಆ ಕಾರೇ ಮಿನಿ. ಉದ್ದ ಸುಮಾರು ಹತ್ತೇ ಅಡಿ. ಇಸಿಗೋನಿಸರು ಎಂಜಿನನ್ನು ಅಡ್ಡಲಾಗಿ ಮಲಗಿಸಿ ಮುಂದಿನ ಚಕ್ರಗಳಿಗೆ ಜೋಡಿಸಿದುದರಿಂದ, ಕಾರಿನ ಬಹುಪಾಲು ಜಾಗ ಮನುಷ್ಯರಿಗೇ ಉಳಿಯಿತು. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳ ಒಳರಚನೆ ಇದೇ ಮಾದರಿಯದು. ಮುಚ್ಚಿದ ಕಾಲುವೆಯೊಂದರಿಂದ ಕಾರಿನ ಹೊಟ್ಟೆಯೊಳಗಣ ವ್ಯವಸ್ಥೆಯೇ ತಿರುಗಿತೆಂಬುದನ್ನು ಭೂಗೋಲ ಕಲಿಸುವ ಉಪಾಧ್ಯಾಯರು ಸೂಯೆಜ್ ಪಾಠದಲ್ಲಿ ಹೇಳಿದರೆ ಮಕ್ಕಳು ಆ ಕಾಲುವೆಯನ್ನು ಮರೆಯಲಾರರು.

ಇನ್ನು ನಮ್ಮ ಊರಿಗೆ ಬರೋಣ. ಝುವಾರಿನಗರವು ಹಳೆಯ ಗ್ರಾಮವಲ್ಲ. ಝುವಾರಿ ಆಗ್ರೋ ಕೆಮಿಕಲ್ಸ್ ರಸಗೊಬ್ಬರದ ಕಾರ್ಖಾನೆಯಿಂದ ಹೆಸರು ಪಡೆದ ವಸತಿ. ವಿಜಯಪುರ, ಬಾಗಲಕೋಟೆ, ಗದಗ ಮೊದಲಾದ ಕಡೆಗಳಿಂದ ಬಂದ ಕನ್ನಡಿಗರ ಬಹಳಷ್ಟು ಕುಟುಂಬಗಳು ಇಲ್ಲಿ ನೆಲೆಸಿದುವು. ಕಾರ್ಖಾನೆ ಉತ್ಪಾದನೆ ಆರಂಭಿಸಿದುದು 1973ರಲ್ಲಿ. ಗೊಬ್ಬರಕ್ಕೆ ಬೇಕಾದ ಅಮೋನಿಯಾವನ್ನು ಅದು ನಾಫ್ತಾದಿಂದ ತಯಾರಿಸುತ್ತಿತ್ತು; ನಾಫ್ತಾ ಎಂದರೆ ಪೆಟ್ರೋಲಿನ ಒಡಹುಟ್ಟು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯ ಸರಬರಾಜಿಗೆ ತಡೆಯೊಡ್ಡಿದುವು. ಪೀಪಾಯಿಗೆ 3 ಡಾಲರಿನ ಆಸುಪಾಸಿನಲ್ಲಿದ್ದ ಕಚ್ಚಾತೈಲ ಕೆಲವೇ ತಿಂಗಳುಗಳಲ್ಲಿ 11 ಡಾಲರನ್ನು ದಾಟಿತು. ಎಣ್ಣೆಯಿಂದ ಗೊಬ್ಬರ ಮಾಡುವ ಊರು ಹುಟ್ಟಿದ ಗಳಿಗೆಯಲ್ಲೇ ಎಣ್ಣೆ ಚಿನ್ನವಾಯಿತು. ಆ ನವೆಂಬರಿನಲ್ಲಿ, ಪೆಟ್ರೋಲಿನ ಬೆಲೆಯೇರಿಕೆಯನ್ನು ಪ್ರತಿಭಟಿಸಿ ಅಟಲ್ ಬಿಹಾರಿ ವಾಜಪೇಯಿಯವರು ಎತ್ತಿನ ಬಂಡಿಯಲ್ಲಿ ಸಂಸತ್ತಿಗೆ ಹೋದರು.

ಆಗ ಭಾರತದಲ್ಲಿ ಕಾರು ಕೊಳ್ಳುವವನ ಮುಂದಿದ್ದುದು ಆಂಬಾಸಿಡರ್, ಪದ್ಮಿನಿಯಾಗಿ ಹೆಸರು ಬದಲಿಸಿಕೊಂಡ ಫಿಯೆಟ್, ಅಪರೂಪಕ್ಕೊಂದು ಸ್ಟಾಂಡರ್ಡ್; ಅಷ್ಟೇ. ಬೆಲೆ ಏರಿತೆಂದು ಬೇರೆ ಕಾರನ್ನು ಆರಿಸಲು ಬೇರೆ ಕಾರೆಲ್ಲಿತ್ತು? ಆಯ್ಕೆಯಿಲ್ಲದವನಿಗೆ ಬೆಲೆಯು ಕಲಿಸುವುದು ಒಂದೇ ಪಾಠ: ಗಾಡಿಯನ್ನು ಮನೆಯಲ್ಲೇ ನಿಲ್ಲಿಸುವುದು. ಮಧ್ಯಮ ವರ್ಗದವರು ಎರಡು ಚಕ್ರಗಳತ್ತ ತಿರುಗಿದರು. 1972ರಲ್ಲಿ ಬಂದ ಲೂನಾ ಎಂಬ 50 ಸಿಸಿಯ ಪೆಡಲು ಗಾಡಿಯನ್ನು ಉತ್ತರ ಕರ್ನಾಟಕದ ಹಳ್ಳಿಯ ಮಾಸ್ತರರು ಎಷ್ಟು ಮಂದಿ ಓಡಿಸಿದರೆಂದರೆ, ಆ ಹೆಸರು ಕಂಪನಿಯದೆಂಬುದೇ ಮರೆತು ಹೋಗಿ ಜಾತಿವಾಚಕವಾಯಿತು. ಡೀಸೆಲಿನ ಆಂಬಾಸಿಡರ್ ಬಂದುದು 1980ರ ಸುಮಾರಿಗೆ. ಬಾಡಿಗೆಯವರು ಕೂಡಲೇ ಅದರತ್ತ ತಿರುಗಿದರು. ಅದರ ಸದ್ದಿಗೂ ಹೊಗೆಗೂ ಬೇಸರಪಟ್ಟವರು ಹಿಂದಿನ ಆಸನದವರೇ ಹೊರತು ಎಣ್ಣೆಗೆ ಹಣ ಕೊಡುವವರಲ್ಲ.

1983ರ ಡಿಸೆಂಬರ್ 14ರಂದು ಮಾರುತಿ 800 ಹೊರಬಂದಾಗ ಮೊದಲ ಬಾರಿಗೆ ನಿಜವಾದ ಆಯ್ಕೆ ಒದಗಿತು. ಮೂರು ಸಿಲಿಂಡರಿನ 796 ಸಿಸಿಯ ಅಡ್ಡ ಎಂಜಿನು, ಮುಂದಿನ ಚಕ್ರಗಳ ಚಾಲನೆ: ಇಸಿಗೋನಿಸರ ಉಪಾಯವು ಜಪಾನಿನ ಸುಜುಕಿಯ ಮೂಲಕ ನಮ್ಮ ದೇಶಕ್ಕೆ ಬಂದಿತ್ತು. ಎರಡು ವರ್ಷಗಳ ಮೇಲೆ, 1985ರಲ್ಲಿ, ಹೀರೋ ಹೋಂಡಾ ಸಿಡಿ 100 ಬಂದಿತು. ಆಮೇಲೆ ಗಾಡಿ ಕೊಳ್ಳುವವನ ಬಾಯಲ್ಲಿ 'ಲೀಟರಿಗೆಷ್ಟು ಕೊಡುತ್ತದೆ?' ಎಂಬುದು ಮೊದಲ ಪ್ರಶ್ನೆಯಾಯಿತು. ಹಸುವಿನ ಹಾಲಿನ ವಿಚಾರದಲ್ಲಿ ಕೇಳುವ ಮಾತನ್ನೇ ನಾವು ಯಂತ್ರದ ವಿಚಾರದಲ್ಲೂ ಕೇಳುತ್ತೇವೆಂಬುದು ನಮಗೆ ಸಂತೋಷದ ಸಂಗತಿ.

ಸಿರಿವಂತ ದೇಶಗಳಲ್ಲಿ ಇದೇ ಕಾಲಕ್ಕೆ ನಡೆದುದನ್ನು ಚುಟುಕಾಗಿ ಹೇಳಿ ಮುಂದುವರಿಯುತ್ತೇವೆ. ಅಮೆರಿಕೆಯು 1975ರಲ್ಲಿ ಕಾರುಗಳ ಮೈಲೇಜಿಗೆ ಕನಿಷ್ಠ ಮಿತಿ ಹಾಕುವ ಕಾನೂನು ಮಾಡಿತು. ಜನರು ಜಪಾನಿನ ಸಣ್ಣ ಕಾರುಗಳನ್ನು ಕೊಂಡರು. ಬ್ರೆಜಿಲ್ ಅದೇ ವರ್ಷ ಕಬ್ಬಿನ ಮದ್ಯಸಾರವನ್ನು ಇಂಧನವಾಗಿಸುವ ಯೋಜನೆ ಹೂಡಿ, 1979ರಲ್ಲಿ ಮದ್ಯಸಾರವನ್ನೇ ಕುಡಿದೋಡುವ ಕಾರನ್ನು ಮಾರಿತು. 1986ರಲ್ಲಿ ಎಣ್ಣೆ ಅಗ್ಗವಾಯಿತು. ಅಮೆರಿಕನ್ನರು ಮತ್ತೆ ದೈತ್ಯ ಗಾಡಿಗಳನ್ನೇರಿದರು. ಇದ್ದಿಲೊಲೆಯನ್ನು ಗುಜರಿಗೆ ಹಾಕಿದ ಕಥೆಯೇ ಅದು.

ಆದರೆ ಈ ವಿಷಯದ ತಿರುಳು ದೊರೆಯುವುದು 2010ರಿಂದ 2014ರವರೆಗಿನ ನಾಲ್ಕು ವರ್ಷಗಳಲ್ಲಿ. ಅದನ್ನು ನಾವು ಕಣ್ಣಾರೆ ಕಂಡೆವು. 2010ರ ಜೂನಿನಲ್ಲಿ ಕೇಂದ್ರ ಸರ್ಕಾರವು ಪೆಟ್ರೋಲಿನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಲಾರಿ, ಬಸ್ಸು, ರೈತರ ಪಂಪುಗಳಿಗಾಗಿ ಡೀಸೆಲನ್ನು ಹಿಡಿತದಲ್ಲೇ ಇಟ್ಟುಕೊಂಡಿತು. 2012ರ ಮೇ 24ರಂದು ಪೆಟ್ರೋಲು ಒಂದೇ ಏಟಿಗೆ 7 ರೂಪಾಯಿಗೂ ಹೆಚ್ಚು ಏರಿದಾಗ ದಿಲ್ಲಿಯಲ್ಲಿ ಅದರ ಬೆಲೆ 73.18 ರೂಪಾಯಿ; ಡೀಸೆಲು 40.91. ಎರಡರ ನಡುವೆ 32 ರೂಪಾಯಿಗಳ ಕಂದಕ! ರೈತನ ಹೆಸರಿನಲ್ಲಿ ಅಗ್ಗವಾಗಿಟ್ಟ ಎಣ್ಣೆಯನ್ನು ಕಾರಿನವರು ತುಂಬಿಸಿಕೊಂಡರು. 2012-13ರಲ್ಲಿ ದೇಶದಲ್ಲಿ ಮಾರಾಟವಾದ ಪ್ರಯಾಣಿಕರ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಡೀಸೆಲಿನವು.

ಗೋವೆಯಲ್ಲಿ ಮಾತ್ರ ಲೆಕ್ಕ ಬೇರೆಯಾಯಿತು. 2012ರ ಮಾರ್ಚಿನಲ್ಲಿ ಅಧಿಕಾರಕ್ಕೆ ಬಂದ ಮನೋಹರ್ ಪರಿಕ್ಕರರ ಸರ್ಕಾರವು ಪೆಟ್ರೋಲಿನ ಮೇಲಿನ ರಾಜ್ಯದ ತೆರಿಗೆಯನ್ನು ನೂರಕ್ಕೆ 0.1ಕ್ಕೆ ಇಳಿಸಿತು. ಏಪ್ರಿಲಿನಿಂದ ಲೀಟರಿಗೆ ಸುಮಾರು 11 ರೂಪಾಯಿ ಕಡಿಮೆ. ಕಾರವಾರದ ಕಡೆಯವರು ಪೋಳೆಂ ಗಡಿ ದಾಟಿ ಬಂದು ಟ್ಯಾಂಕು ತುಂಬಿಸಿಕೊಂಡು ಹೋಗತೊಡಗಿದರು.

ಮೇಲಿನ ವರ್ಗದ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ. ಒಂದೇ ಮಾದರಿಯ ಎರಡು ಕಾರುಗಳು. ಡೀಸೆಲಿನದು 1 ಲಕ್ಷ ರೂಪಾಯಿ ತುಟ್ಟಿ. ಪೆಟ್ರೋಲಿನದು ಲೀಟರಿಗೆ 15 ಕಿಲೋಮೀಟರು, ಡೀಸೆಲಿನದು 20 ಎಂದು ಹಿಡಿಯೋಣ. 2012ರ ಮೇ ತಿಂಗಳ ದಿಲ್ಲಿಯ ಬೆಲೆಯಲ್ಲಿ, ಆ ಲಕ್ಷ ರೂಪಾಯಿ ಎಣ್ಣೆಯ ಉಳಿತಾಯದಿಂದ ಮರಳಿ ಬರಲು ಸುಮಾರು 35,000 ಕಿಲೋಮೀಟರು ಓಡಬೇಕು. ಪೆಟ್ರೋಲಿನ ಬೆಲೆಯಲ್ಲಿ 11 ರೂಪಾಯಿ ಕಳೆದು ನೋಡಿದರೆ ಸುಮಾರು 48,000 ಕಿಲೋಮೀಟರು ಓಡಬೇಕು. ದಿನಕ್ಕೆ 100 ಕಿಲೋಮೀಟರು ಓಡುವ ಬಾಡಿಗೆಯವನಿಗೆ ಇದು ಒಂದು ವರ್ಷ, ಒಂದೂಕಾಲು ವರ್ಷದ ಮಾತು. ದಿನಕ್ಕೆ 25 ಕಿಲೋಮೀಟರು ಓಡುವ ಗೃಹಸ್ಥನಿಗೆ ನಾಲ್ಕು, ಐದು ವರ್ಷ. ನಮ್ಮ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಎಣ್ಣೆಯ ಬೆಲೆ ಇಬ್ಬರಿಗೂ ಒಂದೇ. ಓಟ ಒಂದೇ ಅಲ್ಲ.

ಆ ಕಾಲದಲ್ಲಿ ನಮ್ಮ ವಿದ್ಯಾರ್ಥಿಗಳ ಪಾಲಕರಿಬ್ಬರು ಸಾಲ ಮಾಡಿ ಡೀಸೆಲ್ ಗಾಡಿ ಕೊಂಡರು. ಒಬ್ಬರು ಮಕ್ಕಳನ್ನೂ ಸಾಮಾನನ್ನೂ ಸಾಗಿಸುವ ವ್ಯಾನಿನವರು. ಇನ್ನೊಬ್ಬರು ಕಾರ್ಖಾನೆಯ ಕೆಲಸಗಾರರು; ಜಾತ್ರೆಗೊಮ್ಮೆ, ದೀಪಾವಳಿಗೊಮ್ಮೆ ಅನಮೋಡ ಘಟ್ಟ ಹತ್ತಿ ಬಾಗಲಕೋಟೆಯ ಕಡೆಯ ತಮ್ಮ ಊರಿಗೆ ಹೋಗಿಬರಲು ಹಳೆಯದೊಂದು ಕಾರು ಕೊಂಡರು. "ಗುರುಗಳ, ಕಾರ್ ತಗೊಳ್ಳೂದು ದೊಡ್ಡ ಮಾತಲ್ರಿ, ಅದಕ್ಕ ಎಣ್ಣಿ ಹಾಕೂದು ದೊಡ್ಡ ಮಾತು. ಡೀಸೆಲ್ ಅಂದ್ರ ಚಿಂತಿ ಇಲ್ಲ" ಎಂದು ನಮಗೆ ಪೇಢೆ ಕೊಟ್ಟರು. ನಾವೂ ಹೌದೆಂದೆವು. ಲೆಕ್ಕ ಕಲಿಸುವವರಾಗಿ ಅವರ ಓಟವೆಷ್ಟೆಂದು ಕೇಳಬೇಕಾಗಿತ್ತು; ಕೇಳಲಿಲ್ಲ.

2013ರ ಜನವರಿಯಿಂದ ಡೀಸೆಲಿನ ಬೆಲೆಯನ್ನು ತಿಂಗಳಿಗೆ ಸುಮಾರು 50 ಪೈಸೆಯಂತೆ ಏರಿಸುವ ಕ್ರಮ ಆರಂಭವಾಯಿತು. ಏರಿಕೆ ಎಷ್ಟು ಮೆಲ್ಲಗಿತ್ತೆಂದರೆ ಯಾರೂ ಎತ್ತಿನ ಬಂಡಿಯೇರಿ ಪ್ರತಿಭಟಿಸಲಿಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲನ್ನೂ ಮಾರುಕಟ್ಟೆಗೆ ಬಿಡಲಾಯಿತು. ಕಂದಕವು ಕ್ರಮೇಣ ತುಂಬಿಕೊಂಡಿತು. 2024ರ ಮಾರ್ಚಿನಲ್ಲಿ ದಿಲ್ಲಿಯಲ್ಲಿ ಪೆಟ್ರೋಲು 94.72, ಡೀಸೆಲು 87.62, ಅಂತರ ಬರೀ 7 ರೂಪಾಯಿ. ಹಿಂದಿನ ಲೆಕ್ಕವನ್ನೇ ಆ ಬೆಲೆಯಲ್ಲಿ ಮತ್ತೆ ಮಾಡಿದರೆ ಸುಮಾರು 52,000 ಕಿಲೋಮೀಟರು ಓಡಬೇಕಾಗಿತ್ತು. ಗೋವೆಯ ತೆರಿಗೆಯೂ ಮುಂದಿನ ವರ್ಷಗಳಲ್ಲಿ ಮತ್ತೆ ಏರಿತು. ಮಾರುತಿ ಕಂಪನಿಯು 2020ರ ಏಪ್ರಿಲಿನಿಂದ ಡೀಸೆಲ್ ಕಾರುಗಳನ್ನು ಮಾಡುವುದನ್ನೇ ನಿಲ್ಲಿಸಿತು.

ವ್ಯಾನಿನವರು ಸಾಲ ತೀರಿಸಿದರು. ಅವರ ಆಯ್ಕೆ ಸರಿಯಾಗಿತ್ತು. ಕೆಲಸಗಾರರ ಕಾರು ವರ್ಷದಲ್ಲಿ ಮೂರು ಸಾವಿರ ಕಿಲೋಮೀಟರನ್ನೂ ಓಡಲಿಲ್ಲ. ನಿಂತ ಡೀಸೆಲ್ ಎಂಜಿನಿನ ರಿಪೇರಿಯ ಖರ್ಚು ಓಡುವುದರ ಖರ್ಚಿಗಿಂತ ಹೆಚ್ಚಾಯಿತು. ಮಗಳ ಹೈಸ್ಕೂಲಿನ ವರ್ಷಗಳಲ್ಲಿ ಅವರು ಕಂತು ಕಟ್ಟುತ್ತಲೇ ಇದ್ದರು. ಆಕೆಯನ್ನು ಊರಿಗೆ ಕಳುಹಿಸಿ ಅಜ್ಜಿಯ ಮನೆಯಲ್ಲಿಟ್ಟು ಓದಿಸುವ ಮಾತೂ ಒಮ್ಮೆ ಬಂದಿತ್ತು, ಪುಣ್ಯಕ್ಕೆ ತಪ್ಪಿತು. ಎಣ್ಣೆಯ ಬೆಲೆ ಆಗಾಗ ಬದಲಾಗುತ್ತದೆ. ಗಾಡಿ ಮಾತ್ರ ಹತ್ತು ಹದಿನೈದು ವರ್ಷ ಮನೆಯಲ್ಲಿರುತ್ತದೆ. ಕೊಂಡ ದಿನದ ಬೆಲೆ ನೋಡಿ ಆರಿಸಿದ ಗಾಡಿಯನ್ನು ಮುಂದೆ ಬರುವ ಬೆಲೆಗಳಲ್ಲಿ ಓಡಿಸಬೇಕು. ಈ ಭಾರ ಸಿರಿವಂತನ ಮೇಲೆ ಬೀಳುವುದಿಲ್ಲ; ಅವನು ಗಾಡಿ ಬದಲಿಸುತ್ತಾನೆ. ಅವನು ಬಿಟ್ಟ ಗಾಡಿಯನ್ನು ಸಾಲ ಮಾಡಿ ಕೊಳ್ಳುವವನ ಮೇಲೆ ಬೀಳುತ್ತದೆ.

ಈಗ ಮಾತು ವಿದ್ಯುತ್ತಿನತ್ತ ತಿರುಗಿದೆ. ಇದರಲ್ಲಿಯೂ ಕನ್ನಡ ನಾಡು ಮುಂದಾಗಿತ್ತು. ಚೇತನ್ ಮೈನಿಯವರ ರೇವಾ ಎಂಬ ವಿದ್ಯುತ್ ಕಾರು 2001ರಲ್ಲೇ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದಿತ್ತು. ನಮ್ಮವರು ಅದನ್ನು ಆಟಿಕೆಯೆಂದು ನಕ್ಕರು. ನಗರಪ್ರವೇಶದ ಸುಂಕದಿಂದ ವಿನಾಯಿತಿ ದೊರೆತುದರಿಂದ ಲಂಡನ್ನಿನವರು ಅದನ್ನು ಕೊಂಡರು. 2021ರಲ್ಲಿ ಪೆಟ್ರೋಲು 100 ರೂಪಾಯಿ ದಾಟಿತು. ಆ ನವೆಂಬರಿನಲ್ಲಿ ಕೇಂದ್ರವೂ, ಅದರ ಜೊತೆಗೆ ಗೋವೆ, ಕರ್ನಾಟಕಗಳೂ ತೆರಿಗೆ ಇಳಿಸಿದುವು. ಅಷ್ಟರಲ್ಲಿ ಸದ್ದಿಲ್ಲದ ಸ್ಕೂಟರುಗಳು ನಮ್ಮ ಬೀದಿಗಳಿಗೂ ಬಂದಿದ್ದುವು.

ಕಳೆದ ಪಾಲಕರ ಸಭೆಯ ದಿನ ಆ ಕೆಲಸಗಾರರು ತಮ್ಮ ಕಿರಿಯ ಮಗನೊಡನೆ ಬಂದಿದ್ದರು. ಕಾರು ಮಾರಿಯಾಗಿದೆ, ಈಗ ಬ್ಯಾಟರಿ ಸ್ಕೂಟರಿನ ವಿಚಾರ. ಈ ಸಲ ನಾವು ಓಟವೆಷ್ಟೆಂದು ಕೇಳಿದೆವು. ಮನೆಯಿಂದ ಕೆಲಸಕ್ಕೆ, ಸಂತೆಗೆ, ಎಲ್ಲಾ ಸೇರಿ ದಿನಕ್ಕೆ 12 ಕಿಲೋಮೀಟರು. ಕರೆಂಟಿನ ದರ ಬರೆದೆವು, ಪೆಟ್ರೋಲಿನ ದರ ಬರೆದೆವು, ಕಂತು ಬರೆದೆವು. "ಎಂಟು ವರ್ಷದ ಮ್ಯಾಲೆ ಬ್ಯಾಟರಿ ಬದಲಿ ಮಾಡಬೇಕಾದ್ರ ಎಷ್ಟ್ ಬೀಳ್ತದ್ರಿ, ಗುರುಗಳ?" ಎಂದು ಅವರೇ ಕೇಳಿದರು. ಆ ಸಾಲಿನಲ್ಲಿ ಬರೆಯಲು ನಮ್ಮ ಬಳಿ ಅಂಕಿಯಿರಲಿಲ್ಲ. ಚೀಟಿಯನ್ನು ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಅಂಗಡಿಯಲ್ಲಿ ಕೇಳಿ ಬರುತ್ತೇನೆಂದು ಹೋದರು. ಸ್ಕೂಟರನ್ನು ಇನ್ನೂ ಕೊಂಡಿಲ್ಲ.